ಓವರ್‌ಕ್ಲಾಕ್ ಮಾಡಿದ ಫೋನ್ ಪದೇ ಪದೇ ಆಫ್ ಆದರೆ: ತಪ್ಪು ಚಿಪ್ಪಿನದೋ, ಬ್ಯಾಟರಿಯದೋ?

ಓವರ್‌ಕ್ಲಾಕ್ ಮಾಡಿದ, ಅಂದರೆ ಚಿಪ್ಪನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವ ಫೋನ್ ಇದ್ದಕ್ಕಿದ್ದಂತೆ ಆಫ್ ಆದರೆ ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ. ವೇಗವನ್ನು ಒಂದು ಮೆಟ್ಟಿಲು ಇಳಿಸಿ ನೋಡುವುದು. ತೊಂದರೆ ನಿಂತರೂ ಅದರಿಂದ ಕಾರಣ ಗೊತ್ತಾಗುವುದಿಲ್ಲ. ವೇಗ ಇಳಿದಾಗ ಚಿಪ್ಪಿನ ಮೇಲಿನ ಒತ್ತಡ ಇಳಿಯುತ್ತದೆ, ಬ್ಯಾಟರಿಯಿಂದ ಎಳೆಯುವ ಕರೆಂಟ್ ಇಳಿಯುತ್ತದೆ, ಬಿಸಿಯೂ ಇಳಿಯುತ್ತದೆ. ಈ ಮೂರರಲ್ಲಿ ಕೈಕೊಟ್ಟದ್ದು ಯಾವುದು ಎಂದು ಹೇಳುವುದು ಹೇಗೆ? ಸ್ವಲ್ಪ ದಿನ ಬಿಟ್ಟು ಅದೇ ಕಾಟ ಮತ್ತೆ ಶುರುವಾಗುತ್ತದೆ.

ಡೊಂಬಿವಲಿ, ಥಾಣೆ ಕಡೆಯ ನಮ್ಮ ಹುಡುಗರು ಇಂಥ ಫೋನುಗಳನ್ನು ಹಿಡಿದುಕೊಂಡು ಬರುತ್ತಲೇ ಇರುತ್ತಾರೆ. ಬೂಟ್‌ಲೋಡರ್ (ಫೋನ್ ಆನ್ ಮಾಡುವ ಮೊದಲ ಪ್ರೋಗ್ರಾಂ) ಅನ್‌ಲಾಕ್ ಆಗಿರುತ್ತದೆ, ಮ್ಯಾಜಿಸ್ಕ್ ಎಂಬ ಆ್ಯಪ್‌ನಿಂದ ರೂಟ್ ಆಗಿರುತ್ತದೆ (ಫೋನಿನ ಪೂರ್ತಿ ಅಧಿಕಾರ ಕೈಗೆ ಬಂದಿರುತ್ತದೆ), ಅದರ ಮೇಲೊಂದು ಕಸ್ಟಮ್ ಕರ್ನಲ್, ಅಂದರೆ ಹಾರ್ಡ್‌ವೇರ್ ನಡೆಸುವ ತಳದ ಸಾಫ್ಟ್‌ವೇರ್‌ನ ಬೇರೆಯವರು ಮಾಡಿದ ರೂಪ. ಈ ಬರಹ ಅಂಥ ಆಂಡ್ರಾಯ್ಡ್ ಫೋನುಗಳಿಗೆ. ಮುಖ್ಯವಾಗಿ ಹೇಳಬೇಕಾದ್ದು ಇಷ್ಟು: ಸೆಟ್ಟಿಂಗ್ ಮುಟ್ಟುವ ಮೊದಲು ಫೋನ್ ಸತ್ತದ್ದು ಹೇಗೆ ಎಂದು ನೋಡಿ. ಚಿಪ್ ಲೆಕ್ಕ ತಪ್ಪಿ ಸತ್ತ ಫೋನಿನ ಲಕ್ಷಣ ಬೇರೆ, ಕರೆಂಟ್ ಸಾಲದೆ ಸತ್ತ ಫೋನಿನ ಲಕ್ಷಣ ಬೇರೆ. ಮದ್ದೂ ಬೇರೆ ಬೇರೆಯೇ.

ಕೈಹಾಕುವ ಮೊದಲು

ಫೋನಿನ ಕವರ್ ತೆಗೆದು ಮೇಜಿನ ಮೇಲೆ ಇಡಿ. ಹಿಂಬದಿಯ ಮುಚ್ಚಳ ಅಂಚಿನಲ್ಲಿ ಎದ್ದಿದೆಯೇ? ಡಿಸ್‌ಪ್ಲೇ ಒಂದು ಮೂಲೆಯಲ್ಲಿ ಮೇಲೆ ಬಂದಿದೆಯೇ? ಬ್ಯಾಟರಿ ಉಬ್ಬಿದ್ದರೆ ಪರೀಕ್ಷೆ ಇಲ್ಲಿಗೇ ನಿಲ್ಲಿಸಿ. ಚಾರ್ಜ್‌ಗೆ ಹಾಕಬೇಡಿ, ಒತ್ತಿ ಕೂರಿಸಬೇಡಿ, ಚೂಪಾದ ಸಾಮಾನಿನಿಂದ ಎಬ್ಬಿಸಲು ಹೋಗಬೇಡಿ. ಒಳಗೆ ಗ್ಯಾಸ್ ತುಂಬಿಕೊಂಡಿರುತ್ತದೆ. ಪದರ ಹರಿದರೆ ಬೆಂಕಿ ಹತ್ತಬಹುದು. ರಿಪೇರಿ ಗೊತ್ತಿರುವವರ ಕೈಗೆ ಕೊಟ್ಟು ಬ್ಯಾಟರಿ ಬದಲಾಯಿಸಿದ ಮೇಲೆಯೇ ಮುಂದಿನ ಮಾತು.

ಉಬ್ಬಿಲ್ಲ ಎಂದಾದರೆ ಫೋಟೋ, ಕಾಂಟ್ಯಾಕ್ಟ್, ವಾಟ್ಸಾಪ್ ಎಲ್ಲದರ ಬ್ಯಾಕಪ್ ತೆಗೆದುಕೊಳ್ಳಿ. ಆಮೇಲೆ ಕರ್ನಲ್ ಮ್ಯಾನೇಜರ್ ಆ್ಯಪ್‌ನಲ್ಲಿ ಫೋನ್ ಆನ್ ಆದ ಕೂಡಲೇ ಸೆಟ್ಟಿಂಗ್ ತಾನೇ ಹಚ್ಚಿಕೊಳ್ಳುವ ಆಯ್ಕೆ ಇರುತ್ತದಲ್ವಾ, ಅದನ್ನು ಆಫ್ ಮಾಡಿ. ಇದು ಚಿಕ್ಕ ವಿಷಯ ಅಂತ ಬಿಡಬೇಡಿ. ಆ ಆಯ್ಕೆ ಆಫ್ ಇದ್ದರೆ ಕೆಟ್ಟ ಸೆಟ್ಟಿಂಗ್ ಒಂದು ರೀಸ್ಟಾರ್ಟ್‌ಗೆ ಅಳಿಸಿಹೋಗುತ್ತದೆ. ಆನ್ ಇದ್ದರೆ ಲೋಗೋ ತನಕ ಬರುವುದು, ಸಾಯುವುದು, ಮತ್ತೆ ಲೋಗೋ. ಈಗಾಗಲೇ ಹಾಗೆ ಸಿಕ್ಕಿಹಾಕಿಕೊಂಡಿದ್ದರೆ ಸೇಫ್ ಮೋಡ್‌ನಲ್ಲಿ ಆನ್ ಮಾಡಿ ನೋಡಿ. ಈಗಿನ ಮ್ಯಾಜಿಸ್ಕ್ ಸೇಫ್ ಮೋಡ್ ಕಂಡರೆ ತನ್ನ ಮಾಡ್ಯೂಲ್‌ಗಳನ್ನೆಲ್ಲ (ಅದರ ಮೂಲಕ ಹಾಕಿದ ಬದಲಾವಣೆಗಳನ್ನೆಲ್ಲ) ನಿಲ್ಲಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರ್‌ಗೆ ಸಿಕ್ಕಿಸಿ ಫಾಸ್ಟ್‌ಬೂಟ್ ಎಂಬ ಸಾಧನದಿಂದ ಕಂಪನಿಯ ಮೂಲ ಬೂಟ್ ಇಮೇಜ್ (ಕರ್ನಲ್ ಇರುವ ಫೈಲ್) ಹಾಕಬೇಕು. ಅದು ನಿಮ್ಮ ಫೋನಿನ ಅದೇ ವರ್ಶನ್‌ನದ್ದೇ ಆಗಿರಲಿ.

ಸಾವಿನ ಗುರುತು

ಕರ್ನಲ್ ಕುಸಿದಾಗ ಅದರ ಕೊನೆಯ ಮಾತುಗಳು ರ‍್ಯಾಮ್‌ನ ಒಂದು ಮೀಸಲು ಜಾಗದಲ್ಲಿ ಉಳಿಯುತ್ತವೆ. ಫೋನ್ ರೀಸ್ಟಾರ್ಟ್ ಆದ ಮೇಲೆ ಅವು ಒಂದು ಫೈಲ್ ಆಗಿ ಕಾಣಿಸುತ್ತವೆ. ಹಳೆಯ ಫೋನುಗಳಲ್ಲಿ ಅದು ಪ್ರಾಕ್ ಫೋಲ್ಡರ್‌ನ 'ಲಾಸ್ಟ್ ಕೆಎಂಎಸ್‌ಜಿ'. ಹೊಸದರಲ್ಲಿ ಸಿಸ್, ಅದರೊಳಗೆ ಎಫ್‌ಎಸ್, ಅದರೊಳಗೆ ಪಿಸ್ಟೋರ್, ಅಲ್ಲಿ 'ಕನ್ಸೋಲ್ ರ‍್ಯಾಮೂಪ್ಸ್' ಎಂಬ ಹೆಸರಿನಲ್ಲಿ ಇರುತ್ತದೆ. ರೂಟ್ ಇರುವ ಫೈಲ್ ಮ್ಯಾನೇಜರ್‌ನಿಂದಲೇ ತೆರೆದು ಓದಬಹುದು.

ಈ ಫೈಲ್ ಇರುವುದೂ ಸುಳಿವು, ಇಲ್ಲದಿರುವುದೂ ಸುಳಿವು. ರ‍್ಯಾಮ್‌ಗೆ ಕರೆಂಟ್ ತಪ್ಪದೆ ರೀಸ್ಟಾರ್ಟ್ ಆಗಿದ್ದರೆ ಮಾತ್ರ ಅದು ಉಳಿಯುತ್ತದೆ. ಬ್ಯಾಟರಿ ಕಡೆಯಿಂದ ಕರೆಂಟೇ ಕಡಿದುಹೋಗಿದ್ದರೆ ಅಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಫೋನ್ ಸತ್ತು ಎದ್ದ ಕೂಡಲೇ, ಬೇರೇನೂ ಮಾಡುವ ಮೊದಲು, ಅಲ್ಲಿ ಹೋಗಿ ನೋಡಿ. ಇನ್ನೊಂದು ರೀಸ್ಟಾರ್ಟ್ ಆದರೆ ಗುರುತು ಹೋಗಬಹುದು.

ಜೊತೆಗೆ ಎಡಿಬಿಯಲ್ಲಿ (ಕಂಪ್ಯೂಟರ್‌ನಿಂದ ಫೋನಿಗೆ ಆದೇಶ ಕೊಡುವ ಸಾಧನ) ಗೆಟ್‌ಪ್ರಾಪ್ ಎಂಬ ಆದೇಶ ಕೊಟ್ಟು ಬೂಟ್ ರೀಸನ್ ಎಂಬ ಸಾಲು ಹುಡುಕಿ. ಅಲ್ಲಿ ಕರ್ನಲ್ ಪ್ಯಾನಿಕ್ (ಕರ್ನಲ್ ಕುಸಿದದ್ದು) ಅಥವಾ ವಾಚ್‌ಡಾಗ್ (ಸ್ತಬ್ಧವಾದ ಫೋನನ್ನು ರೀಸ್ಟಾರ್ಟ್ ಮಾಡುವ ಕಾವಲು) ಎಂದಿದ್ದರೆ ಚಿಪ್ಪಿನ ಕಡೆಗೆ ಬೆರಳು. ಶಟ್‌ಡೌನ್ ಜೊತೆ ಥರ್ಮಲ್ ಎಂದಿದ್ದರೆ ಬಿಸಿ. ಶಟ್‌ಡೌನ್ ಜೊತೆ ಬ್ಯಾಟರಿ ಎಂದಿದ್ದರೆ ಚಾರ್ಜ್ ಮುಗಿಯಿತೆಂದು ಫೋನ್ ತಾನೇ ಬಾಗಿಲು ಹಾಕಿಕೊಂಡಿದೆ. ಬರೀ ಕೋಲ್ಡ್ (ಪೂರ್ತಿ ಆಫ್ ಆಗಿ ಆನ್ ಆದದ್ದು) ಎಂದಿದ್ದು, ಪಿಸ್ಟೋರ್ ಕೂಡ ಖಾಲಿಯಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಇಟ್ಟುಕೊಂಡೇ ಮುಂದೆ ಹೋಗಿ.

ಮೂವತ್ತು ಪರ್ಸೆಂಟ್ ಇದ್ದಾಗಲೇ ಆಫ್ ಆಗುವ ಫೋನ್

ಮುಂಬೈಯಲ್ಲಿ ನಾನು ಅತಿ ಹೆಚ್ಚು ನೋಡುವುದು ಇದನ್ನೇ. ಬೈಂದೂರು ಕಡೆಯ ಒಬ್ಬ ಹುಡುಗ, ಫೋರ್ಟ್‌ನಲ್ಲಿ ಕೆಲಸ. ಸಂಜೆ ಸಿಎಸ್‌ಟಿಯಲ್ಲಿ ಲೋಕಲ್ ಹತ್ತಿ ಗೇಮ್ ಶುರು ಮಾಡುತ್ತಾನೆ. ಕುರ್ಲಾ ದಾಟಿ ಘಾಟ್‌ಕೋಪರ್ ಬರುವಷ್ಟರಲ್ಲಿ ಫೋನ್ ದಡಕ್ಕನೆ ಆಫ್. ಚಾರ್ಜ್ ಮೂವತ್ತು ಪರ್ಸೆಂಟ್ ಮೇಲೆಯೇ ಇರುತ್ತದೆ. "ಅಣ್ಣ, ಓವರ್‌ಕ್ಲಾಕ್ ತೆಗೆದ್ರೂ ಆಫ್ ಆಗ್ತದೆ, ಸ್ವಲ್ಪ ಕಡಿಮೆ ಅಷ್ಟೆ. ಕರ್ನಲ್ಲೇ ಸರಿ ಇಲ್ಲ ಕಾಣ್ತದೆ" ಎಂದ. ಕರ್ನಲ್ ಸರಿಯಾಗಿಯೇ ಇತ್ತು.

ಬ್ಯಾಟರಿಯ ಒಳಗೇ ಒಂದಿಷ್ಟು ರೋಧ ಇರುತ್ತದೆ. ಅದರಿಂದ ಕರೆಂಟ್ ಎಳೆದಷ್ಟೂ ಹೊರಗೆ ಸಿಗುವ ವೋಲ್ಟೇಜ್ ಕುಸಿಯುತ್ತದೆ. ಬಿಲ್ಡಿಂಗಿನ ಎಲ್ಲ ಮನೆಗಳವರೂ ಬೆಳಗ್ಗೆ ಒಟ್ಟಿಗೆ ನಲ್ಲಿ ಬಿಟ್ಟರೆ ಟ್ಯಾಂಕಿಯಲ್ಲಿ ನೀರಿದ್ದರೂ ಮೇಲಿನ ಮಹಡಿಗೆ ಬರುವುದಿಲ್ಲವಲ್ಲ, ಹಾಗೆ. ಲೆಕ್ಕ ಸುಲಭ. ರೋಧ 0.1 ಓಮ್ ಇದ್ದು 3 ಆಂಪಿಯರ್ ಎಳೆದರೆ 0.3 ವೋಲ್ಟ್ ಕುಸಿತ. ಬ್ಯಾಟರಿ ಹಳತಾಗಿ ರೋಧ ದುಪ್ಪಟ್ಟಾದರೆ 0.6 ವೋಲ್ಟ್. ತುಂಬಿದ ಬ್ಯಾಟರಿ 4.4 ವೋಲ್ಟ್ ಆಸುಪಾಸು ಇರುವಾಗ ಈ ಕುಸಿತ ಗೊತ್ತೇ ಆಗದು. ಮೂವತ್ತು ಪರ್ಸೆಂಟ್‌ಗೆ ಬಂದಾಗ ಅದು 3.7 ಆಸುಪಾಸು ಇರುತ್ತದೆ. ಅಲ್ಲಿಂದ 0.6 ಕಳೆದರೆ ಪವರ್ ಚಿಪ್ ಕೈಬಿಡುವ ಮಟ್ಟಕ್ಕೆ ಬಂದೇಬಿಟ್ಟಿತು.

ಓವರ್‌ಕ್ಲಾಕ್ ಇಲ್ಲಿ ಮಾಡುವುದು ಎಳೆತ ಹೆಚ್ಚಿಸುವ ಕೆಲಸ. ಚಿಪ್ ತಿನ್ನುವ ಪವರ್ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. ವೇಗ 10 ಪರ್ಸೆಂಟ್, ವೋಲ್ಟೇಜ್ 10 ಪರ್ಸೆಂಟ್ ಏರಿಸಿದರೆ ಪವರ್ 33 ಪರ್ಸೆಂಟ್ ಜಾಸ್ತಿ. ಲೋಕಲ್‌ನಲ್ಲಿ ಅದಕ್ಕೆ ಇನ್ನೊಂದು ಹೊರೆ ಸೇರುತ್ತದೆ. ರೈಲು ಓಡುತ್ತಿದ್ದಂತೆ ಫೋನ್ ಟವರ್‌ನಿಂದ ಟವರ್‌ಗೆ ಹಾರುತ್ತಿರುತ್ತದೆ, ಸಿಗ್ನಲ್ ಬಿದ್ದಾಗ ಮೋಡೆಮ್ ಜೋರಾಗಿ ಕೂಗಬೇಕಾಗುತ್ತದೆ. ಗೇಮ್, ಮೋಡೆಮ್, ಪೂರ್ತಿ ಬ್ರೈಟ್‌ನೆಸ್ ಒಂದೇ ಕ್ಷಣದಲ್ಲಿ ಕೂಡಿದಾಗ ಮುದಿ ಬ್ಯಾಟರಿ ಮಂಡಿಯೂರುತ್ತದೆ.

ಆ ಫೋನನ್ನು ಮೇಜಿನ ಮೇಲಿಟ್ಟು ಎಡಿಬಿಯಿಂದ ಬ್ಯಾಟರಿ ಫೋಲ್ಡರ್‌ನ ವೋಲ್ಟೇಜ್ ನೌ ಎಂಬ ಫೈಲನ್ನು ಓದಿಸುತ್ತಾ ಕೂತೆವು. ಎಡಿಬಿಯನ್ನು ವೈಫೈ ಮೇಲೆ ಹಾಕಿಕೊಂಡಿದ್ದೆ. ಕೇಬಲ್ ಇದ್ದರೆ ಚಾರ್ಜ್ ಆಗುತ್ತಾ ಕುಸಿತ ಮುಚ್ಚಿಹೋಗುತ್ತದೆ. ಅಲ್ಲಿ ಸಿಗುವ ಸಂಖ್ಯೆ ಮೈಕ್ರೋವೋಲ್ಟ್‌ನಲ್ಲಿ ಇರುತ್ತದೆ, 3760000 ಎಂದರೆ 3.76 ವೋಲ್ಟ್. ಸುಮ್ನೆ ಇಟ್ಟಾಗ ಅಷ್ಟೇ ಇತ್ತು. ಟಾರ್ಚ್ ಹಾಕಿ, ಬ್ರೈಟ್‌ನೆಸ್ ಪೂರ್ತಿ ಏರಿಸಿ, ಗೇಮ್ ತೆರೆದೆವು. 3.6, 3.5, ನಂತರ 3.38. ಲೋಡಿಂಗ್ ಪರದೆ ಮುಗಿಯುವಷ್ಟರಲ್ಲಿ ಫೋನ್ ಕಪ್ಪಾಯಿತು. ಪಿಸ್ಟೋರ್ ಖಾಲಿ. ಕೊನೆಯ ಓದು 3.38 ಇದ್ದರೂ ನಿಜವಾದ ಕುಸಿತ ಅದಕ್ಕಿಂತ ಆಳ. ಮಿಲಿಸೆಕೆಂಡ್‌ನಲ್ಲಿ ಬಂದುಹೋಗುವ ತಗ್ಗನ್ನು ಈ ಮೀಟರ್ ಹಿಡಿಯುವುದಿಲ್ಲ.

ಆಮೇಲೆ ಚಾರ್ಜರ್ ಸಿಕ್ಕಿಸಿ ಅದೇ ಟಾರ್ಚ್, ಅದೇ ಗೇಮ್, ಅದೇ ಓವರ್‌ಕ್ಲಾಕ್. ಫೋನ್ ಜಗ್ಗಲಿಲ್ಲ. ನನ್ನ ಮಟ್ಟಿಗೆ ಈ ಪರೀಕ್ಷೆ ಉಳಿದೆಲ್ಲಕ್ಕಿಂತ ಮೇಲು. ಚಾರ್ಜರ್ ಹೊರೆಯಲ್ಲಿ ಪಾಲು ಹೊರುತ್ತದೆ. ಚಿಪ್ ತಪ್ಪುತ್ತಿದ್ದರೆ ಚಾರ್ಜರ್ ಇದ್ದರೂ ತಪ್ಪಬೇಕಿತ್ತು. ಚಾರ್ಜರ್ ಇದ್ದಾಗ ಮಾತ್ರ ನೆಟ್ಟಗಿದ್ದರೆ ದೋಷ ಬ್ಯಾಟರಿಯಲ್ಲಿ, ಇಲ್ಲವೇ ಅದರ ಕನೆಕ್ಟರ್‌ನಲ್ಲಿ. ಅದೇ ಫೋಲ್ಡರ್‌ನಲ್ಲಿ ಚಾರ್ಜ್ ಫುಲ್, ಚಾರ್ಜ್ ಫುಲ್ ಡಿಸೈನ್ ಎಂಬ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಎರಡನೆಯದರ 80 ಪರ್ಸೆಂಟ್‌ಗಿಂತ ಕೆಳಗಿದ್ದರೆ ಆ ಬ್ಯಾಟರಿಯ ಮೇಲೆ ಓವರ್‌ಕ್ಲಾಕ್ ಬೇಡ.

ಇದು ಓವರ್‌ಕ್ಲಾಕ್ ಮಾಡಿದವರಿಗೆ ಮಾತ್ರ ಬರುವ ಕಾಯಿಲೆಯೂ ಅಲ್ಲ. ಹಳೆಯ ಬ್ಯಾಟರಿಯ ಐಫೋನ್‌ಗಳು ಹೀಗೆ ಆಫ್ ಆಗುವುದನ್ನು ತಡೆಯಲು ಅವುಗಳ ವೇಗವನ್ನು ಸಾಫ್ಟ್‌ವೇರ್‌ನಿಂದ ತಗ್ಗಿಸಿದ್ದೇವೆ ಎಂದು ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತ್ತು. ನಾವು ಓವರ್‌ಕ್ಲಾಕ್ ಮಾಡುವಾಗ ಅದರ ಉಲ್ಟಾ ದಿಕ್ಕಿಗೆ ಹೋಗುತ್ತೇವೆ.

ಚಳಿಯಲ್ಲೂ ಬ್ಯಾಟರಿಯ ರೋಧ ಏರುತ್ತದೆ. ಮುಂಬೈಯಲ್ಲಿ ಸುಮ್ಮನಿದ್ದ ಫೋನ್ ಪುಣೆಯ ಡಿಸೆಂಬರ್ ಬೆಳಗಿನಲ್ಲಿ ಆಫ್ ಆಗತೊಡಗಿದರೆ ಕರ್ನಲ್ ಬದಲಾಯಿಸುತ್ತಾ ಕೂರಬೇಡಿ. ವೋಲ್ಟೇಜ್ ಕುಸಿತವನ್ನೇ ಮೊದಲು ಅಳೆಯಿರಿ.

ಕನೆಕ್ಟರ್ ವಿಷಯ ಬೇಗ ಹೇಳಿಬಿಡುತ್ತೇನೆ. ಗೇಮ್ ಇಲ್ಲದಿದ್ದರೂ, ಗದ್ದಲದಲ್ಲಿ ಯಾರದೋ ಮೊಣಕೈ ತಗುಲಿದಾಗ, ಜೇಬಿಗೆ ಹಾಕುವಾಗ ಆಫ್ ಆಗುತ್ತಿದ್ದರೆ ಹಿಂದೆ ಯಾವಾಗಾದರೂ ಫೋನ್ ಬಿಚ್ಚಿಸಿದ್ದಿರಾ ಎಂದು ನೆನಪಿಸಿಕೊಳ್ಳಿ. ಬ್ಯಾಟರಿಯ ಪಟ್ಟಿ ಸರಿಯಾಗಿ ಕೂತಿರುವುದಿಲ್ಲ, ಅಥವಾ ಇಲ್ಲಿನ ಮಳೆಗಾಲದ ತೇವಕ್ಕೆ ಪಿನ್ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ. ಸ್ವಚ್ಛ ಮಾಡಿ ಕೂರಿಸಿದರೆ ಮುಗಿಯಿತು.

ಚಿಪ್ ಲೆಕ್ಕ ತಪ್ಪಿದಾಗ

ಪಿಸ್ಟೋರ್‌ನಲ್ಲಿ ಲಾಗ್ ಉಳಿದಿದೆ, ಚಾರ್ಜರ್ ಇದ್ದರೂ ಸಾಯುತ್ತದೆ ಎಂದಾದರೆ ಈ ಕಡೆ ಬನ್ನಿ. ಇಲ್ಲಿ ನೋಡಬೇಕಾದ್ದು ತಪ್ಪುಗಳ ಚದುರುವಿಕೆ. ಒಂದೇ ಆ್ಯಪ್ ಒಂದೇ ಜಾಗದಲ್ಲಿ ಕುಸಿಯುತ್ತಿದ್ದರೆ ಅದು ಆ ಆ್ಯಪ್‌ನ ದೋಷ, ನಿಮ್ಮ ಓವರ್‌ಕ್ಲಾಕ್‌ಗೆ ಸಂಬಂಧವಿಲ್ಲ. ಇವತ್ತು ಕ್ಯಾಮೆರಾ, ನಾಳೆ ಕೀಬೋರ್ಡ್, ನಾಡಿದ್ದು ಸಿಸ್ಟಂ ಯುಐ, ಲಾಗ್‌ಕ್ಯಾಟ್‌ನಲ್ಲಿ (ಆಂಡ್ರಾಯ್ಡ್‌ನ ಲಾಗ್) ಪ್ರತಿ ಸಲ ಸಿಗ್ನಲ್ 11 (ಮೆಮೊರಿಯ ತಪ್ಪು ಜಾಗ ಮುಟ್ಟಿದ ದೋಷ), ಪ್ರತಿ ಸಲ ಬೇರೆ ಮೆಮೊರಿ ವಿಳಾಸ. ಹೀಗಿದ್ದರೆ ಚಿಪ್ ಆ ವೇಗದಲ್ಲಿ ಆ ವೋಲ್ಟೇಜ್‌ಗೆ ಸರಿಯಾದ ಉತ್ತರ ಕೊಡುತ್ತಿಲ್ಲ.

ಗೆಳೆಯನ ಫೋನ್ ಅದೇ ಮಾಡೆಲ್, ಅದೇ ಸೆಟ್ಟಿಂಗ್, ಅವನದು ಚೆನ್ನಾಗಿ ಓಡುತ್ತದೆ, ನನ್ನದೇಕೆ ಓಡುವುದಿಲ್ಲ ಎಂದು ಎಷ್ಟೋ ಹುಡುಗರು ಬೇಸರ ಮಾಡಿಕೊಳ್ಳುತ್ತಾರೆ. ಒಂದೇ ಕಾರ್ಖಾನೆಯಿಂದ ಬಂದ ಎರಡು ಚಿಪ್ ಒಂದೇ ತರ ಇರುವುದಿಲ್ಲ. ಒಂದಕ್ಕೆ ಕಡಿಮೆ ವೋಲ್ಟೇಜ್ ಸಾಕು, ಇನ್ನೊಂದಕ್ಕೆ ಜಾಸ್ತಿ ಬೇಕು. 2013ರ ನೆಕ್ಸಸ್ 5 ಕಾಲದ ಕ್ವಾಲ್‌ಕಾಮ್ ಚಿಪ್‌ಗಳಲ್ಲಿ ಪಿವಿಎಸ್ ಎಂಬ ದರ್ಜೆಯ ಸಂಖ್ಯೆಯನ್ನೇ ಒಳಗೆ ಬರೆದಿರುತ್ತಿದ್ದರು, ಅದನ್ನು ನೋಡಿ ಕರ್ನಲ್ ವೋಲ್ಟೇಜ್ ಆರಿಸಿಕೊಳ್ಳುತ್ತಿತ್ತು. ಬೇರೆಯವರ ಸಂಖ್ಯೆ ನಿಮಗೆ ಒಂದು ಅಂದಾಜು ಮಾತ್ರ.

ತೀರಾ ಗೊಂದಲ ಹುಟ್ಟಿಸುವುದು ಅಂಡರ್‌ವೋಲ್ಟ್. ಬಿಸಿ ಕಡಿಮೆಯಾಗಲಿ ಎಂದು ವೇಗದ ಎಲ್ಲ ಮೆಟ್ಟಿಲುಗಳಲ್ಲೂ ಒಂದೇ ಸಮ ವೋಲ್ಟೇಜ್ ಇಳಿಸಿರುತ್ತಾರೆ. ಗೇಮ್ ಚೆನ್ನಾಗಿ ಓಡುತ್ತದೆ. ರಾತ್ರಿ ಮಲಗುವಾಗ ಪಕ್ಕದಲ್ಲಿಟ್ಟ ಫೋನ್ ಬೆಳಗ್ಗೆ ಎದ್ದು ಪವರ್ ಬಟನ್ ಒತ್ತಿದರೆ ಪರದೆ ಬೆಳಗುವುದಿಲ್ಲ, ಅಲಾರಂ ಕೂಡ ಹೊಡೆದಿರುವುದಿಲ್ಲ. ಇಲ್ಲಿ ತಪ್ಪು ಮೇಲಿನ ಮೆಟ್ಟಿಲಿನದಲ್ಲ, ಕೆಳಗಿನದು. ಸುಮ್ಮನಿರುವಾಗ ಓಡುವ ಕಡಿಮೆ ವೇಗಗಳಲ್ಲಿ ವೋಲ್ಟೇಜ್ ಮೊದಲೇ ತಳದಲ್ಲಿರುತ್ತದೆ, ಅಲ್ಲಿ ಇನ್ನಷ್ಟು ಕಿತ್ತರೆ ಚಿಪ್ ನಿದ್ದೆಯಿಂದ ಏಳುವಾಗ ಎಡವುತ್ತದೆ. ಕೆಳಗಿನ ಮೂರ್ನಾಲ್ಕು ಮೆಟ್ಟಿಲುಗಳನ್ನು ಕಂಪನಿಯ ವೋಲ್ಟೇಜ್‌ಗೆ ಮರಳಿಸಿ ಒಂದು ರಾತ್ರಿ ಬಿಟ್ಟು ನೋಡಿ.

ಕ್ವಾಲ್‌ಕಾಮ್‌ನ ಈಗಿನ ಸ್ನ್ಯಾಪ್‌ಡ್ರ್ಯಾಗನ್ ಚಿಪ್‌ಗಳಲ್ಲಿ ಸಿಪಿಯು ವೇಗದ ಪಟ್ಟಿ ಹಾರ್ಡ್‌ವೇರ್‌ನ ಹಿಡಿತದಲ್ಲಿರುವುದರಿಂದ ಮೊದಲಿನಷ್ಟು ಸುಲಭವಾಗಿ ಏರಿಸಲಾಗುವುದಿಲ್ಲ. ಹಾಗಾಗಿ ಹುಡುಗರು ಕೋನಾಬೆಸ್ ತರದ ಆ್ಯಪ್‌ನಿಂದ ಜಿಪಿಯುವಿನ (ಚಿತ್ರ ಮೂಡಿಸುವ ಭಾಗ) ವೇಗದ ಪಟ್ಟಿಗೆ ಕೈಹಾಕುತ್ತಾರೆ. ಜಿಪಿಯು ಮಿತಿ ದಾಟಿದಾಗ ಮೊದಲು ಕಣ್ಣಿಗೇ ಕಾಣಿಸುತ್ತದೆ. ಗೇಮ್‌ನಲ್ಲಿ ಹಸಿರು, ನೇರಳೆ ಚುಕ್ಕಿಗಳು, ಹರಿದ ತ್ರಿಕೋನಗಳು, ಒಂದು ಕ್ಷಣ ನಿಂತು ಮತ್ತೆ ಓಡುವುದು, ಕೊನೆಗೆ ರೀಸ್ಟಾರ್ಟ್. ಕರ್ನಲ್ ಲಾಗ್‌ನಲ್ಲಿ ಕೆಜಿಎಸ್‌ಎಲ್ ಎಂದು ಶುರುವಾಗುವ ಸಾಲಿನಲ್ಲಿ ಜಿಪಿಯು ಫಾಲ್ಟ್ ಎಂದು ಇರುತ್ತದೆ. ಮೇಲಿನ ಒಂದು ವೇಗವನ್ನು ಪಟ್ಟಿಯಿಂದ ತೆಗೆಯಿರಿ. ವೋಲ್ಟೇಜ್ ಏರಿಸಿ ಸರಿಮಾಡುವ ಆಸೆ ಬೇಡ, ಬಿಸಿಗೆ ಅದು ಬಾಗಿಲು ತೆರೆದ ಹಾಗೆ.

ಒಂದು ಸಲಕ್ಕೆ ಒಂದೇ ಬದಲಾವಣೆ. ಆಮೇಲೆ ಪರೀಕ್ಷೆ. ಜಿಪಿಯುಗೆ 3ಡಿ ಮಾರ್ಕ್‌ನ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್ 20 ನಿಮಿಷ ಓಡುತ್ತದೆ, ಸಾಕು. ಸಿಪಿಯುಗೆ ಯಾವುದಾದರೂ ಥ್ರಾಟ್ಲಿಂಗ್ ಟೆಸ್ಟ್ ಆ್ಯಪ್ ಅರ್ಧ ಗಂಟೆ ಓಡಿಸಿ. ಎಸಿ ಕೋಣೆಯಲ್ಲಿ ಕೂತು ಮಾಡಿದ ಪರೀಕ್ಷೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಿಸಿಯಾದ ಚಿಪ್‌ನಲ್ಲಿ ಕರೆಂಟ್ ಸೋರಿಕೆ ಜಾಸ್ತಿ, ಸರಿಯಾಗಿ ಓಡಲು ಉಳಿದಿರುವ ಅಂತರವೂ ಕಡಿಮೆ. ಆಫೀಸಿನಲ್ಲಿ ಗಟ್ಟಿಯಾಗಿದ್ದ ಸೆಟ್ಟಿಂಗ್ ಮೇ ತಿಂಗಳ ಮಧ್ಯಾಹ್ನ ದಾದರ್ ಪ್ಲಾಟ್‌ಫಾರ್ಮಿನಲ್ಲಿ ಕುಸಿಯುವುದು ಅದಕ್ಕೇ.

ಬಿಸಿಯಿಂದ ಆಫ್ ಆಗುತ್ತಿದ್ದರೆ

ಡಂಪ್‌ಸಿಸ್ ಬ್ಯಾಟರಿ ಎಂದು ಎಡಿಬಿಯಲ್ಲಿ ಕೊಟ್ಟರೆ ಬ್ಯಾಟರಿಯ ಉಷ್ಣತೆ ಸಿಗುತ್ತದೆ. 412 ಎಂದರೆ 41.2 ಡಿಗ್ರಿ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ಅದಕ್ಕೇ ಬಿಸಿಯಾದಾಗ ಫೋನ್ ಚಾರ್ಜಿಂಗ್ ನಿಧಾನ ಮಾಡುತ್ತದೆ, ನಿಲ್ಲಿಸುತ್ತದೆ. ಚಾರ್ಜ್‌ಗೆ ಹಾಕಿ ಗೇಮ್ ಆಡಿದರೆ ಪರ್ಸೆಂಟ್ ಏರುವುದೇ ಇಲ್ಲ ಎಂದು ದೂರುವವರ ಫೋನಿನಲ್ಲಿ ಆಗುತ್ತಿರುವುದು ಇದೇ.

ಕೆಲವು ಮಾಡ್ಯೂಲ್‌ಗಳು ಥರ್ಮಲ್ ಕಾವಲನ್ನೇ (ಬಿಸಿ ಏರಿದರೆ ವೇಗ ತಗ್ಗಿಸುವ ವ್ಯವಸ್ಥೆ) ತೆಗೆದುಹಾಕುತ್ತವೆ. ಗೇಮ್ ಸ್ಕೋರ್‌ಗೆಂದು ಅದನ್ನು ಹಾಕಿದ್ದರೆ ದಯವಿಟ್ಟು ಇವತ್ತೇ ಅಳಿಸಿ. ಫೋನನ್ನು ಕಿವಿಗೆ ಹಿಡಿಯುತ್ತೇವೆ, ತಲೆದಿಂಬಿನ ಪಕ್ಕ ಇಡುತ್ತೇವೆ, ಮಕ್ಕಳ ಕೈಗೆ ಕೊಡುತ್ತೇವೆ. ಆ ಕಾವಲು ಇರುವುದು ಚಿಪ್ಪಿಗಷ್ಟೇ ಅಲ್ಲ. ಅದನ್ನು ತೆಗೆದು ಮಾಡಿದ ಓವರ್‌ಕ್ಲಾಕ್‌ನ ದೋಷ ಹುಡುಕಿಕೊಡಲು ನಾನು ಒಪ್ಪುವುದಿಲ್ಲ.

ಆಫ್ ಆಗುವುದಿಲ್ಲ, ಚಾರ್ಜ್ ನಿಲ್ಲುವುದಿಲ್ಲ

ಚಾರ್ಜ್ ಪರದೆ ಆನ್ ಇದ್ದಾಗ ಇಳಿಯುತ್ತದೆಯೋ, ಆಫ್ ಇದ್ದಾಗ ಇಳಿಯುತ್ತದೆಯೋ ಬೇರೆ ಮಾಡಿಕೊಳ್ಳಿ. ರಾತ್ರಿ ಏರೋಪ್ಲೇನ್ ಮೋಡ್ ಹಾಕಿ ಮಲಗಿ. ಆಗಲೂ ತುಂಬಾ ಇಳಿದಿದ್ದರೆ ಫೋನ್ ನಿದ್ದೆ ಮಾಡುತ್ತಿಲ್ಲ, ಯಾವುದೋ ಆ್ಯಪ್ ವೇಕ್‌ಲಾಕ್ ಹಿಡಿದು ಎಬ್ಬಿಸುತ್ತಿದೆ. ನಿಜವಾಗಿ ಮಲಗಿದ ಚಿಪ್‌ಗೆ ಗರಿಷ್ಠ ವೇಗ ಎಷ್ಟಿದ್ದರೂ ಒಂದೇ, ಓವರ್‌ಕ್ಲಾಕ್ ಅನ್ನು ಅದಕ್ಕಾಗಿ ಬೈಯಬೇಡಿ. ಏರೋಪ್ಲೇನ್ ಮೋಡ್‌ನಲ್ಲಿ ಚೆನ್ನಾಗಿದ್ದರೆ ನಿಮ್ಮ ಮನೆಯ ಸಿಗ್ನಲ್ ನೋಡಿ.

ಪರದೆ ಆನ್ ಇದ್ದಾಗ ಮಾತ್ರ ಇಳಿಯುತ್ತಿದ್ದರೆ ಗವರ್ನರ್ (ಚಿಪ್‌ನ ವೇಗ ಎಷ್ಟಿರಬೇಕೆಂದು ನಿರ್ಧರಿಸುವ ಸೆಟ್ಟಿಂಗ್) ನೋಡಿ. ಪರ್ಫಾರ್ಮೆನ್ಸ್ ಎಂದಿದ್ದರೆ ಚಿಪ್ ಸದಾ ಗರಿಷ್ಠ ವೇಗದಲ್ಲೇ ನಿಂತಿರುತ್ತದೆ. ಅದನ್ನು ಹೊರೆಗೆ ತಕ್ಕಂತೆ ವೇಗ ಬದಲಿಸುವ ಸ್ಕೆಡ್‌ಯೂಟಿಲ್‌ಗೆ ಮರಳಿಸಿ. ಕನಿಷ್ಠ ವೇಗವನ್ನು ಯಾರಾದರೂ ಏರಿಸಿಟ್ಟಿದ್ದಾರೆಯೇ ಎಂದೂ ನೋಡಿ. ಟೈಮ್ ಇನ್ ಸ್ಟೇಟ್ ಎಂಬ ಫೈಲ್ ಯಾವ ವೇಗದಲ್ಲಿ ಎಷ್ಟು ಹೊತ್ತು ಇತ್ತು ಎಂದು ತೋರಿಸುತ್ತದೆ. ಮೆಸೇಜ್ ಓದುವಾಗಲೂ ಮೇಲಿನ ಮೆಟ್ಟಿಲಲ್ಲೇ ಸಮಯ ಕಳೆಯುತ್ತಿದ್ದರೆ ಉತ್ತರ ಸಿಕ್ಕ ಹಾಗೆ.

ಬ್ಯಾಟರಿಸ್ಟ್ಯಾಟ್ಸ್ ಫೈಲ್ ಅಳಿಸಿದರೆ ಬ್ಯಾಟರಿ ಕ್ಯಾಲಿಬ್ರೇಟ್ ಆಗುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದು ಯಾವ ಆ್ಯಪ್ ಎಷ್ಟು ತಿಂದಿತು ಎಂಬ ಲೆಕ್ಕದ ಪುಸ್ತಕ ಅಷ್ಟೇ. ಪರ್ಸೆಂಟ್ ತೋರಿಸುವ ಮೀಟರ್ ಬೇರೆ.

ಸರಿಮಾಡಿದ ಮೇಲೂ ಕುಸಿಯುತ್ತಿದ್ದರೆ

ಎಲ್ಲವನ್ನೂ ಕಂಪನಿಯ ವೇಗಕ್ಕೆ ಇಳಿಸಿಯೂ ಆ್ಯಪ್‌ಗಳು ಬೀಳುತ್ತಿದ್ದರೆ ಹೆದರಬೇಡಿ, ಚಿಪ್ ಸುಟ್ಟಿದೆ ಎಂದುಕೊಳ್ಳಲೂ ಬೇಡಿ. ಲೆಕ್ಕ ತಪ್ಪುತ್ತಿದ್ದ ದಿನಗಳಲ್ಲಿ ಫೋನ್ ತಪ್ಪು ಡೇಟಾವನ್ನೇ ಸ್ಟೋರೇಜ್‌ಗೆ ಬರೆದಿರಬಹುದು. ಬ್ಯಾಕಪ್ ಇದೆಯಲ್ಲ, ಕಂಪನಿಯ ಮೂಲ ಆರ್‌ಓಎಂ (ಫೋನಿನ ಸಾಫ್ಟ್‌ವೇರ್) ಪೂರ್ತಿ ಹಾಕಿ, ಫ್ಯಾಕ್ಟರಿ ರೀಸೆಟ್ ಮಾಡಿ, ಓವರ್‌ಕ್ಲಾಕ್ ಇಲ್ಲದೆ ಕೆಲವು ದಿನ ಬಳಸಿ. ಹಳೆಯ ಆ್ಯಪ್ ಡೇಟಾವನ್ನು ಹಾಗೇ ತಂದು ಸುರಿದರೆ ಕೊಳೆಯೂ ಜೊತೆಗೇ ಬರುತ್ತದೆ. ಫೋಟೋ, ಕಾಂಟ್ಯಾಕ್ಟ್ ಮಾತ್ರ ತನ್ನಿ.

ಬ್ಯಾಟರಿಯೇ ಕಾರಣ ಎಂದು ಗಟ್ಟಿಯಾದವರಿಗೆ ಒಂದು ಮಾತು. ಸಾಧ್ಯವಿದ್ದರೆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲೇ ಹಾಕಿಸಿ. ಮನೀಶ್ ಮಾರ್ಕೆಟ್‌ಗೋ, ಗ್ರಾಂಟ್ ರೋಡ್ ಸ್ಟೇಶನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್‌ಗೋ ಹೋಗುವುದಾದರೆ ಮೂಲ ಬ್ಯಾಟರಿಯಷ್ಟೇ ಗಾತ್ರಕ್ಕೆ ಅದಕ್ಕಿಂತ ತುಂಬಾ ಜಾಸ್ತಿ ಎಂಎಎಚ್ ಬರೆದಿರುವುದನ್ನು ನಂಬಬೇಡಿ. ತಯಾರಾದ ತಿಂಗಳು ನೋಡಿ, ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಬ್ಯಾಟರಿ ಹೊಸದಾದರೂ ಮುದಿಯೇ. ಹಾಕಿಸಿದ ದಿನವೇ ಟಾರ್ಚ್ ಮತ್ತು ಗೇಮ್ ಪರೀಕ್ಷೆ ಮಾಡಿ, ಮೂವತ್ತು ಪರ್ಸೆಂಟ್ ಹತ್ತಿರ ವೋಲ್ಟೇಜ್ ಎಷ್ಟು ಕುಸಿಯುತ್ತದೆ ನೋಡಿ. ಹಳೆಯದರಷ್ಟೇ ಕುಸಿದರೆ ಮರುದಿನವೇ ವಾಪಸ್ ಕೊಡಿ. ತೆಗೆದ ಬ್ಯಾಟರಿಯನ್ನು ಮನೆಯ ಕಸದ ಡಬ್ಬಿಗೆ ಹಾಕದೆ ಈ-ವೇಸ್ಟ್ ತೆಗೆದುಕೊಳ್ಳುವಲ್ಲಿಗೇ ಮುಟ್ಟಿಸಿ.